ಕುದಿಯುವ ನೀರು ಮತ್ತು ನೀಲತ್ತಿ

ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ಎಡಕ್ಕೆ ಹೊರಳಿದರೆ ಈಗೊಂದು ರೊಟ್ಟಿ ಅಂಗಡಿ ಇದೆ. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಏಳುವ ವಾಸನೆ ಗೊತ್ತಿರುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಹಿಟ್ಟು, ಹಬೆ, ಚೂರು ಸೀದದ್ದು ಎಲ್ಲ ಸೇರಿದ ವಾಸನೆ ಅದು. ಮೊನ್ನೆ ಆಫೀಸಿನಿಂದ ಬರುವಾಗ ಮೂಗಿಗೆ ಬಡಿದದ್ದೇ ತಡ, ಹಿಂದೆ ಬರುತ್ತಿದ್ದವರು ಗೊಣಗುವವರೆಗೂ ಅಲ್ಲೇ ನಿಂತುಬಿಟ್ಟಿದ್ದೆ. ಅದೇ ರಸ್ತೆಯ ತುದಿಯಲ್ಲಿ ನಮ್ಮ ಬಾಡಿಗೆ ಮನೆಯಿತ್ತು. ತಾರಸಿಯ ಮೇಲೆ ಶೀಟು ಹೊದಿಸಿದ ಎರಡು ಕೋಣೆ. ಬೇಸಿಗೆಯಲ್ಲಿ ಒಲೆ, ಮಳೆಗಾಲದಲ್ಲಿ ತಮಟೆ. ಅಪ್ಪ ಮೆಟ್ರೋ ಡಿಪೋದಲ್ಲಿ ರೈಲು ತೊಳೆಯುವ ಕೆಲಸ ಹಿಡಿದು ಕಲಬುರಗಿ ಕಡೆಯಿಂದ ಅಮ್ಮನನ್ನೂ ನನ್ನನ್ನೂ ಕರೆತಂದಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನ ತಂಗಿ ನೀಲತ್ತಿಯೂ ಅಲ್ಲಿಗೇ ಬಂದಳು.

ಅತ್ತಿಯ ಗಂಡ ತೀರಿಕೊಂಡಿದ್ದ. ಮೈದುನನ ಮನೆಯಲ್ಲಿ ಕಸ ಮುಸುರೆ ಮಾಡಿಕೊಂಡು ಬಿದ್ದಿರಬೇಕಾಗಿದ್ದವಳು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ತರಬೇತಿಗೆ ಸೇರುತ್ತೇನೆಂದು ಹಟ ಹಿಡಿದು ನಮ್ಮಲ್ಲಿಗೆ ಬಂದಿದ್ದಳು. ತರಬೇತಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅವಳು ಎಲ್ಲ ವಿಷಯ ಪಾಸಾಗಿ ವಿಜ್ಞಾನದಲ್ಲಿ ಮಾತ್ರ ಉಳಿದಿದ್ದಳು. ಈ ಸಲವೂ ಕೈಕೊಟ್ಟರೆ ದೀಪಾವಳಿಗೆ ಬಂದು ಕರೆದುಕೊಂಡು ಹೋಗುತ್ತೇನೆಂದು ಮೈದುನ ಹೇಳಿಕಳಿಸಿದ್ದ.

ಹಾಗಾಗಿ ನಾನು ಮೇಷ್ಟರಾದೆ. ಸಂಜೆ ಸ್ಕೂಲಿನಿಂದ ಬಂದು ಅವಳ ಪುಸ್ತಕ ಓದಿ ಹೇಳುವುದು, ಅವಳು ರೊಟ್ಟಿ ಬಡಿಯುತ್ತಾ ಕೇಳುವುದು. ಬಾಯಿಪಾಠ ಮಾಡು ಎಂದರೆ ಅವಳಿಂದ ಆಗುತ್ತಿರಲಿಲ್ಲ. ಯಾಕೆ ಎಂದು ಗೊತ್ತಾಗದ ಒಂದು ಸಾಲನ್ನೂ ಅವಳ ತಲೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬಾಗಿಲೂ ಅದರ ಚಿಲಕವೂ ಒಂದೇ ಚಳಿಯಲ್ಲಿದ್ದರೂ ಚಿಲಕವೇ ಯಾಕೆ ತಣ್ಣಗೆ? ನೀರು ನೀರೇ ಆದಮೇಲೆ ಇಲ್ಲಿಯ ಬೋರ್‌ವೆಲ್ ನೀರಿನಲ್ಲಿ ಬೇಳೆ ಯಾಕೆ ಬೇಯುವುದಿಲ್ಲ? ಈ ಎರಡನೆಯದರಲ್ಲಿ ಅವಳ ಮಾನವೂ ಸೇರಿತ್ತು, ಏಕೆಂದರೆ ಬೇಯದ ಬೇಳೆಗೆ ಅಮ್ಮ ಅವಳನ್ನೇ ಆಡಿಕೊಳ್ಳುತ್ತಿದ್ದಳು. ಗಡಸು ನೀರಿನ ಪಾಠ ಬಂದ ದಿನ ಅತ್ತಿ ಪುಸ್ತಕವನ್ನು ಅಮ್ಮನ ಮುಖಕ್ಕೇ ಹಿಡಿದು, "ನೋಡ್ರಿ ವೈನಿ, ತಪ್ಪು ನಂದಲ್ಲ, ನೀರಿಂದು" ಎಂದಳು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಕೆಳಗಿನ ಮನೆಯ ಓನರ್ ಆಂಟಿ ಒಣಗಿದ ಬಟ್ಟೆ ತೆಗೆಯಲು ಬಂದಾಗಲೆಲ್ಲ, "ಏನಮ್ಮಾ ನೀಲಾ, ಇನ್ನೂ ಡೌಟು ಮುಗೀಲಿಲ್ವಾ? ನನ್ ಮಗ ಇಂಜಿನಿಯರಿಂಗೇ ಮುಗಿಸ್ಬಿಟ್ಟ!" ಎಂದು ರೇಗಿಸುತ್ತಿದ್ದರು.

ನಮ್ಮ ಕಡೆ ರೊಟ್ಟಿಗೆ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ನೀರು ಸುರಿಯುತ್ತಾರೆ. ಒಂದು ಸಂಜೆ ನೀರು ಕೊತಕೊತ ಕುದಿಯುತ್ತಿದ್ದರೂ ಅತ್ತಿ ಅದನ್ನು ಇಳಿಸದೆ ನೋಡುತ್ತ ನಿಂತಿದ್ದಳು.

"ನೂರು ಡಿಗ್ರಿ ಆದಮ್ಯಾಲ ನೀರು ನೂರರಾಗೇ ನಿಂದರ್ತದ ಅಂತ ಓದಿದ್ಯಲ್ಲ. ಕೆಳಗ ಉರಿ ಹತ್ತೇ ಇರ್ತದ. ಆ ಬಿಸಿ ಎಲ್ಲಿ ಹೋಗ್ತದವಾ?"

ನನಗೆ ಗೊತ್ತಿರಲಿಲ್ಲ. "ಅದನ್ನೆಲ್ಲ ಕೇಳಲ್ಲ ಅತ್ತಿ, ನೂರು ಅಂತ ಬರೆದ್ರೆ ಸಾಕು" ಎಂದೆ.

"ಎಲ್ಲಿ ಹೋಗ್ತದ? ನಮ್ಮ ಸಿಲಿಂಡರ್ ಖಾಲಿ ಮಾಡಿಕೊಂಡು ಹೋಗ್ತದ" ಎಂದು ಅಮ್ಮ ಬಂದು ಗ್ಯಾಸ್ ಆರಿಸಿದಳು.

ಪರೀಕ್ಷೆ ಶಿವಾಜಿನಗರದ ಒಂದು ಶಾಲೆಯಲ್ಲಿ. ಅಪ್ಪ ರಜೆ ಹಾಕಿ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಗೇಟಿನಿಂದ ಅತ್ತಿ ನಗುತ್ತಲೇ ಬಂದಳು. ಎಲ್ಲ ಬರೆದೆ ಎಂದಳು. ಬರೆದು ಮುಗಿಸಿದ ಮೇಲೆ ಕೊನೆಯ ಪುಟ ಖಾಲಿ ಉಳಿದಿತ್ತಂತೆ. ಪೇಪರ್ ನೋಡುವವರು ತಿಳಿದವರು, ಇವರನ್ನು ಬಿಟ್ಟು ಇನ್ಯಾರನ್ನು ಕೇಳಲಿ ಎಂದುಕೊಂಡು, ನಮ್ಮ ಕಡೆ ಹಿರಿಯರಿಗೆ ಕಾಗದ ಬರೆಯುವ ಹಾಗೇ, 'ಗುರುಗಳಿಗೆ ನೀಲಮ್ಮ ಮಾಡುವ ಶರಣು ಶರಣಾರ್ಥಿಗಳು' ಎಂದು ಮೊದಲು ಮಾಡಿ, ಕುದಿಯುವ ನೀರಿನ ಬಿಸಿ ಎಲ್ಲಿಗೆ ಹೋಗುತ್ತದೆಂದು ದಯಮಾಡಿ ತಿಳಿಸಬೇಕು ಎಂದು ಬರೆದು ಬಂದಿದ್ದಳು!

ಅಪ್ಪನ ಮುಖ ಕಪ್ಪಿಟ್ಟಿತು. "ಪೇಪರಿನಾಗ ಹೆಸರು ಬರೀಬಾರದು ಅಂತ ಗೊತ್ತಿಲ್ಲೇನು ನಿನಗ? ಹೆಸರು ಕಂಡ್ರ ಪೇಪರೇ ರದ್ದು ಮಾಡ್ತಾರ!"

ಅತ್ತಿಯ ನಗು ಅಲ್ಲೇ ನಿಂತಿತು. "ಹೆಸರು ಹೇಳದೆ ದೊಡ್ಡವರಿಗೆ ಹ್ಯಾಂಗ ಕೇಳೋದಣ್ಣಾ?" ಎಂದು ಮೆಲ್ಲಗೆ ಅಂದಳು. ಬಸ್ಸಿನಲ್ಲಿ ಇಡೀ ದಾರಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಅಮ್ಮ ಅವಳನ್ನು ಆಡಿಕೊಳ್ಳುವುದು ಬಿಟ್ಟಳು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಬೇಳೆ ಬೇಯದಿದ್ದರೂ ಸುಮ್ಮನೆ ಉಣ್ಣುತ್ತಿದ್ದೆವು. ಅತ್ತಿ ತನ್ನ ಎರಡು ಸೀರೆ ಮಡಿಚಿ ಚೀಲದಲ್ಲಿ ಇಟ್ಟುಕೊಂಡಿದ್ದನ್ನು ನೋಡಿ ನಾನು ಬಚ್ಚಲಿಗೆ ಹೋಗಿ ಅತ್ತಿದ್ದೆ.

ಪಾಸಾದಳು. ಯಾವ ಪುಣ್ಯಾತ್ಮರು ಆ ಪೇಪರ್ ನೋಡಿದರೋ, ಕೊನೆಯ ಪುಟ ನೋಡಿ ಸುಮ್ಮನಾದರೋ, ಆ ಪುಟದವರೆಗೆ ಹೋಗಲೇ ಇಲ್ಲವೋ ತಿಳಿಯದು. ಅಂಕಪಟ್ಟಿ ಕೈಗೆ ಬಂದ ದಿನ ಅಪ್ಪ ಹಲಸೂರಿನಿಂದ ಜಿಲೇಬಿ ತಂದರು, ಅಮ್ಮ ಓನರ್ ಆಂಟಿಗೂ ಕೊಟ್ಟು ಬಂದಳು. ಅತ್ತಿ ಮಾತ್ರ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಖಾಲಿಯಾಗಿದ್ದ ಹಿಂಬದಿಯನ್ನು ಬಹಳ ಹೊತ್ತು ನೋಡಿದಳು. "ಉತ್ತರ ಬರೆದಿಲ್ಲಲ್ಲೇ" ಎಂದಳು.

ಅವಳು ಆರು ತಿಂಗಳ ತರಬೇತಿಗೆ ಸೇರಿ ಹಾಸ್ಟೆಲಿಗೆ ಹೋದಳು, ಅಲ್ಲಿಂದ ಕೆ.ಆರ್. ಪುರದ ಕಡೆಯ ಆಸ್ಪತ್ರೆಯೊಂದರ ಕೆಲಸಕ್ಕೆ. ನಮ್ಮ ತಾರಸಿ ಮನೆಯನ್ನು ಪಿಜಿ ಕಟ್ಟಲು ಕೆಡವಿದರು. ಒಂಬತ್ತನೇ ಕ್ಲಾಸಿನಲ್ಲಿ ನನಗೆ ಉತ್ತರ ಸಿಕ್ಕಿತು. ಅದೇ ಭಾನುವಾರ ಬಸ್ ಹಿಡಿದು ಆಸ್ಪತ್ರೆಗೇ ಹೋಗಿ ಹೇಳಿದೆ: ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಅವನ್ನು ಬಿಡಿಸಿ ಹಬೆ ಮಾಡುವುದಕ್ಕೇ ಆ ಬಿಸಿಯೆಲ್ಲ ಖರ್ಚಾಗುತ್ತದೆ. ಅತ್ತಿ ಕಣ್ಣು ಮುಚ್ಚಿ ಕೇಳಿದಳು. "ಹೌದಲ್ಲ, ಹಿಡಕೊಂಡವರನ್ನ ಬಿಡಿಸಲಿಕ್ಕೆ ಬಾಳ ಉರಿ ಬೇಕು" ಎಂದಳು. ಆಮೇಲೆ ತನ್ನ ಹೊಸ ಪ್ರಶ್ನೆ ತೆಗೆದಳು. ಜೀವ ಹೋದವರ ಮೈ ಒರೆಸುವ ಕೆಲಸವೂ ಅವಳದಾಗಿತ್ತು. "ಮುಟ್ಟಿದಾಗ ಇನ್ನಾ ಬೆಚ್ಚಗ ಇರ್ತದವಾ. ಆಮ್ಯಾಲ ಆರ್ತದ. ಆ ಬಿಸಿ ಎಲ್ಲಿ ಹೋಗ್ತದ?"

ಇದು ನನಗೆ ಗೊತ್ತಿತ್ತು. "ಪಕ್ಕದಲ್ಲಿರೋದಕ್ಕೆ ಹೋಗುತ್ತೆ ಅತ್ತಿ. ಗಾಳಿಗೆ, ಹಾಸಿಗೆಗೆ, ಯಾರಾದ್ರೂ ಮುಟ್ಟಿದ್ರೆ ಅವ್ರಿಗೆ" ಎಂದೆ. ಅವಳಿಗೆ ಆ ಉತ್ತರ ಹಿಡಿಸಿತು.

ಹೋದ ವರ್ಷ ಅವಳು ಅದೇ ಆಸ್ಪತ್ರೆಯ ವಾರ್ಡಿನಲ್ಲಿ ತೀರಿಕೊಂಡಳು. ಕೈ ಬಿಡಿ ಮೇಡಂ, ನಾವು ಮೈ ಒರೆಸೋ ಕೆಲಸ ಶುರು ಮಾಡ್ಬೇಕು ಎಂದು ಅವಳ ಜೊತೆ ಕೆಲಸ ಮಾಡುತ್ತಿದ್ದವಳು ಎರಡು ಸಲ ಹೇಳಿದಳು. ಇನ್ನೂ ಸ್ವಲ್ಪ ಹೊತ್ತು ಎಂದೆ. ಅವಳ ಅಂಗೈ ಪೂರಾ ತಣ್ಣಗಾಗುವವರೆಗೆ ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.