ಹೂವಿನಲ್ಲೇ ಕೊಂಡ ಕಾದಂಬರಿ

ಇನ್ನೂ ಬರೆದು ಮುಗಿಯದ ಕಾದಂಬರಿಯೊಂದಕ್ಕೆ ಮೊನ್ನೆ ಮುನ್ನೂರು ರೂಪಾಯಿ ಕೊಟ್ಟು ಬಂದೆ. ಚೌಕಾಸಿ ಮಾಡಲಿಲ್ಲ, "ಕೊನೇ ಮಾತು ಹೇಳಿ" ಎನ್ನಲಿಲ್ಲ, ಎದ್ದು ಹೊರಟವನಂತೆ ನಟಿಸಿ ತಿರುಗಿ ಬರಲೂ ಇಲ್ಲ. ನಂಜನಗೂಡಿನ ಬಜಾರಿನಲ್ಲಿ ನನ್ನನ್ನು ಬಲ್ಲವರಿಗೆ ಈ ಸಂಗತಿ ಹೇಳಿದರೆ ಮೊದಲು ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಾರೆ. ಆದ್ದರಿಂದ ಅವರಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಏಕೆ ಕೊಟ್ಟೆ ಎಂಬುದನ್ನೂ ಹೇಳುತ್ತೇನೆ. ನೀವು ಪುಸ್ತಕ ಓದುವವರು. ನಷ್ಟದ ವ್ಯವಹಾರ ನಿಮಗೆ ಅಭ್ಯಾಸವಾಗಿರುತ್ತದೆ.

ನಾನು ಹುಣಸೆ ವ್ಯಾಪಾರಿ. ಫಸಲನ್ನು ಮರದ ಮೇಲಿರುವಾಗಲೇ ಕೊಂಡು, ಆಳು ಹಚ್ಚಿ ಬಡಿಸಿ, ಮೂಟೆ ಕಟ್ಟಿ ಸಾಗಿಸುವುದು ನನ್ನ ಕಸುಬು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದನ್ನು ಬಿಟ್ಟು ಎಲ್ಲದರಲ್ಲೂ ನಪಾಸಾದವನು. ಆ ಒಂದನ್ನೇ ನಂಬಿ ಬದುಕಿದೆ. ಕಾದಂಬರಿ ಓದಲು ಶುರು ಮಾಡಿದ್ದು ಸಾಹಿತ್ಯದ ಮೇಲಿನ ಪ್ರೀತಿಯಿಂದಲ್ಲ. ಮರ ಬಡಿಯುವ ದಿನ ವ್ಯಾಪಾರಿ ಮರದಡಿ ಕೂತಿರಲೇಬೇಕು. ಇಲ್ಲದಿದ್ದರೆ ಹಣ್ಣಿಗೆ ಕಾಲು ಬರುತ್ತದೆ. ಸುಮ್ಮನೆ ಕೂತರೆ ನಿದ್ದೆ ಬರುತ್ತದೆ. ಮೊಬೈಲು ಹಿಡಿದರೆ ಸಂಬಂಧಿಕರು ಬರುತ್ತಾರೆ. ಪುಸ್ತಕವಾದರೆ ಒಂದು ಕಣ್ಣು ಹಾಳೆಯ ಮೇಲೆ, ಇನ್ನೊಂದು ಹಣ್ಣಿನ ಮೇಲೆ. ಹೀಗೆ ಒಕ್ಕಣ್ಣಿನಲ್ಲಿ ಓದುವವನ ಅಭಿಪ್ರಾಯಕ್ಕೆ ಏನು ಬೆಲೆ ಎಂದು ಕೇಳಬೇಡಿ. ಎರಡೂ ಕಣ್ಣನ್ನು ಎಳೆದುಕೊಳ್ಳುವ ಪುಸ್ತಕ ಯಾವುದು ಎಂಬುದು ಒಕ್ಕಣ್ಣಿನವನಿಗೇ ಬೇಗ ತಿಳಿಯುವುದು.

ಪುಸ್ತಕವನ್ನು ನಾನು ಮೊದಲ ಪುಟದಿಂದ ಪರೀಕ್ಷೆ ಮಾಡುವುದಿಲ್ಲ. ಮೊದಲ ಪುಟವೆಂದರೆ ರಸ್ತೆ ಕಡೆಯ ಕೊಂಬೆ; ಮಾರುವವನು ನಿಮ್ಮನ್ನು ನಿಲ್ಲಿಸಿಕೊಂಡು ಮಾತಾಡುವುದೇ ಅದರ ಕೆಳಗೆ. ನೀವು ಮರವನ್ನೊಂದು ಸುತ್ತು ಹಾಕಿ, ಹಿಂದಿನ ಬೇಲಿಯ ಕಡೆ ಹೋಗಿ ಕತ್ತೆತ್ತಬೇಕು. ಹಾಗೇ ಪುಸ್ತಕವನ್ನು ನಾನು ನಟ್ಟನಡುವೆ ತೆರೆಯುತ್ತೇನೆ. ಅಲ್ಲಿ ಲೇಖಕ ಒಬ್ಬನೇ ಸಿಗುತ್ತಾನೆ. ಮುನ್ನುಡಿ ಬರೆದವರು, ಬೆನ್ನುಡಿ ಬರೆದವರು ಎಲ್ಲ ಹಿಂದಿನ ಸ್ಟಾಪಿನಲ್ಲೇ ಇಳಿದುಹೋಗಿರುತ್ತಾರೆ.

ಈ ಸುಗ್ಗಿಯಲ್ಲಿ ಹೆಡತಲೆ ಊರಿನ ಮರಗಳಡಿ ಒಂದು ಪತ್ತೇದಾರಿ ಓದಿದೆ. ಕೊಲೆಗಾರ ಮೊದಲ ಸಲ ಮುಖ ತೋರಿಸಿದ್ದೇ ಕೊನೆಯ ಅಧ್ಯಾಯದಲ್ಲಿ. ಸ್ಯಾಂಪಲ್ಲಿನಲ್ಲಿ ತೋರಿಸದ ಮಾಲನ್ನು ಮೂಟೆಯಲ್ಲಿ ತುಂಬಿ ಕಳಿಸಿದರೆ ಮಂಡಿಯಲ್ಲಿ ಏನಾಗುತ್ತದೆಂದು ಆ ಲೇಖಕರಿಗೆ ಯಾರಾದರೂ ತಿಳಿಸಬೇಕು. ಆಮೇಲೊಂದು ಐತಿಹಾಸಿಕ. ರಾಜ ಯಾರದೋ ಹಾಡಿಗೆ ತಲೆದೂಗಿ ಒಂದು ಊರನ್ನೇ ಬರೆದುಕೊಡುತ್ತಾನೆ. ಆ ಊರಿನಲ್ಲಿದ್ದವರನ್ನು ರಾಜ ಕೇಳಲಿಲ್ಲ, ಸರಿ, ಅವನು ರಾಜ. ಲೇಖಕರಾದರೂ ಒಂದು ಮಾತು ಕೇಳಬಹುದಿತ್ತು. ಇನ್ನೊಂದರಲ್ಲಿ ನಾಯಕ ಕಿಟಕಿಯ ಬಳಿ ನಿಂತು ತನ್ನೊಳಗಿನ ಶೂನ್ಯವನ್ನು ನೋಡುತ್ತಾನೆ. ಅವನ ಕೆಲಸವೇನು, ಆ ಕಿಟಕಿಯಿರುವ ಮನೆಯ ಬಾಡಿಗೆ ಯಾರು ಕಟ್ಟುತ್ತಾರೆ, ಕೊನೆಯವರೆಗೂ ಸುಳಿವಿಲ್ಲ. ಶೂನ್ಯ ಬೇಡವೆಂದು ನಾನೆಂದೂ ಹೇಳುವವನಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ, ಸಂಜೆ ಬಂದು ಶೂನ್ಯವಾಗಲಿ.

ನನಗೆ ಇಷ್ಟವಾದದ್ದು ಯಾವುದೋ ಹಿಮದ ದೇಶದ ಅನುವಾದ. ಪುಟಗಟ್ಟಲೆ ಹಿಮ ಬೀಳುತ್ತದೆ. ಮಾರ್ಚಿ ಬಿಸಿಲಿನಲ್ಲಿ ಅದೇನೂ ತೊಂದರೆಯೆನಿಸಲಿಲ್ಲ. ಅದರಲ್ಲೊಬ್ಬ ಮುದುಕಿ ಸೌದೆ ಕೊಳ್ಳುವಾಗ ಒಂದೊಂದೇ ಕೊರಡನ್ನು ತಟ್ಟಿ, ಸದ್ದು ಕೇಳಿ, "ಇದು ಹಸಿ" ಎಂದು ಬೆಲೆ ಇಳಿಸುತ್ತಾಳೆ. ಅಷ್ಟೇ. ಆ ದೇಶ ನನಗೆ ನಮ್ಮ ಪಕ್ಕದ ಊರು ಕಳಲೆಯಷ್ಟು ಹತ್ತಿರವಾಯಿತು.

ಕಳಲೆ ಎಂದೆನಲ್ಲ, ವಿಷಯ ಅಲ್ಲಿಗೇ ಬರಬೇಕಾಗಿತ್ತು. ಕಳಲೆಯ ದೇವೀರಮ್ಮನ ಹೊಲದಂಚಿನ ಮರಗಳ ಫಸಲನ್ನು ವರ್ಷಾವರ್ಷ ನಾನೇ ಕೊಳ್ಳುವುದು. ಆಕೆಯ ಮಗಳು ಸುಮಿತ್ರ ತಿ. ನರಸೀಪುರದಲ್ಲಿ ಸರ್ಕಾರಿ ಗುಮಾಸ್ತೆ. ಈ ಹುಡುಗಿ ಯಾರಿಗೂ ಹೇಳದೆ ಒಂದು ಕಾದಂಬರಿ ಬರೆದು ಅಚ್ಚು ಹಾಕಿಸಿಬಿಟ್ಟಿದ್ದಳು. ಎರಡನೆಯದೂ ಅರ್ಧ ಆಗಿತ್ತು. "ನೀವು ಓದೋರು ಮಾವ, ಓದಿ ಹೇಳಿ" ಎಂದು ಒಂದು ಪ್ರತಿ ಕೊಟ್ಟಳು. ಅದನ್ನು ಅವರ ಮರದಡಿಯಲ್ಲೇ ಕೂತು ಓದಿ ಮುಗಿಸಿದೆ. ಭಾನುವಾರ ಅವಳು ಊರಿಗೆ ಬಂದಾಗ ಹೇಳಿಯೂ ಬಿಟ್ಟೆ.

ಏನು ಹೇಳಿದೆ? ಶುರುವಿನ ಎರಡು ಅಧ್ಯಾಯ ದಂಡ ಎಂದೆ. ಗಂಡನ ಪಾತ್ರ ಬೆದರುಬೊಂಬೆ ಎಂದೆ. ಕೊನೆಯಂತೂ ಕಡೇ ಬಸ್ಸಿಗೆ ಓಡುವವನ ಹಾಗೆ ಚಪ್ಪಲಿ ಬಿಟ್ಟು ಓಡಿದೆ ಎಂದೆ. ಅವಳು ಮಾತಾಡಲಿಲ್ಲ. ನಮ್ಮ ವ್ಯಾಪಾರದಲ್ಲಿ ಎದುರಿನವರು ಸುಮ್ಮನಾದರೆ ಶುಭ, ಮಾತು ಕುದುರುತ್ತಿದೆ ಎಂದರ್ಥ. ನಾನು ಖುಷಿಯಾಗಿಯೇ ಮನೆಗೆ ಬಂದೆ.

ಇಲ್ಲಿ ನಿಮಗೊಂದು ಪದ್ಧತಿ ತಿಳಿದಿರಬೇಕು. ಮರ ಕೊಳ್ಳುವವನು ಮರದ ಒಡೆಯರ ಮುಂದೆ ಮರವನ್ನು ಹೊಗಳುವುದಿಲ್ಲ. "ಕಾಯಿ ಸಣ್ಣ, ಹುಳ ಬಿದ್ದಿದೆ, ಕೊಂಬೆ ಒಣಗಿದೆ" ಎಂದು ಜರೆದವನಿಗೆ ಮಾತ್ರ ಕಾಫಿ ಬರುತ್ತದೆ. ಏಕೆಂದರೆ ಅವನು ಕೊಳ್ಳುವವನು. "ಆಹಾ, ಎಂಥಾ ಮರ" ಎಂದವನು ದಾರಿಹೋಕ. ಅವನು ಹೋದ ಮೇಲೆ ಮರಕ್ಕೆ ದೃಷ್ಟಿ ತೆಗೆಯುತ್ತಾರೆ. ಸುಮಿತ್ರಳ ಪುಸ್ತಕವನ್ನು ನಾನು ಜರೆದದ್ದು ಮೆಚ್ಚಿದ್ದರಿಂದ. ಮೆಚ್ಚದಿದ್ದರೆ "ಚೆನ್ನಾಗಿದೆ ಕಣಮ್ಮ" ಎಂದು ಎದ್ದು ಬರುತ್ತಿದ್ದೆ.

ಒಂದು ವಾರ ಕಳೆದಿರಬೇಕು, ದೇವೀರಮ್ಮನ ಫೋನು ಬಂತು.

"ಏನ್ಲಾ ಪುಟ್ಸಾಮಿ, ಏನ್ ಯೇಳ್ಬುಟ್ಟೆ ನನ್ ಮಗ್ಳಿಗೆ? ಇನ್ ಬರ್ಯಾಕಿಲ್ಲ ಅಂತ ಕುಂತವ್ಳೆ. ಅರ್ಧ ಬರ್ದಿದ್ನೂ ಕಟ್ಟಿ ಅಟ್ಟುಕ್ ಆಕ್ಬುಟ್ಟವ್ಳೆ."

"ಅಕ್ಕಾ, ನಾ ಜರ್ದುದ್ದು ಯಾಕೆ ಅಂತ ನಿನ್ಗೆ ಗೊತ್ತಿಲ್ವಾ?"

"ನನ್ಗೊತ್ತು ಕಣೋ ನಿನ್ ಬುದ್ಧಿ. ಅವ್ಳಿಗೆಂಗ್ ಗೊತ್ತಾದದು? ಅವ್ಳು ಓದ್ದೋಳು! ನೀನೇ ಓಗಿ ಸರಿ ಮಾಡು. ಇಲ್ದಿದ್ರೆ ಮುಂದುನ್ ವರ್ಸದ್ ಊವಿಗೆ ನಿನ್ ಮುಂಗಡ ನಾ ಮುಟ್ಟಾಕಿಲ್ಲ."

ಮರ ಹೂ ಬಿಟ್ಟಾಗಲೇ ಮುಂಗಡ ಕೊಟ್ಟು ಫಸಲು ಹಿಡಿಯುವುದು ನಮ್ಮಲ್ಲಿ ರೂಢಿ. ಅದನ್ನು ಮುಟ್ಟುವುದಿಲ್ಲವೆಂದರೆ ಮರಗಳು ಕೈಬಿಟ್ಟ ಹಾಗೆ. ಆದರೆ ನಿಜ ಹೇಳುತ್ತೇನೆ, ನನಗೆ ಮರಕ್ಕಿಂತ ಅಟ್ಟದ ಮೇಲಿನ ಕಟ್ಟಿನ ಚಿಂತೆ ಹತ್ತಿತು. ಹುಳ ಬಿದ್ದ ಕಾದಂಬರಿಗಳೆಲ್ಲ ಅಂಗಡಿಯಲ್ಲಿ ನಗುತ್ತಾ ಕೂತಿರುವಾಗ ಇದೊಂದು ಅಟ್ಟ ಸೇರುವುದೇ? ಅದೂ ನನ್ನ ಬಾಯಿಂದ? ಆಗುವುದಿಲ್ಲ ಎಂದು ನಿರ್ಧಾರ ಮಾಡಿದೆ. ಮಾರನೆಯ ಬೆಳಿಗ್ಗೆ ಮಂಡಿಯ ಕೆಲಸ ಬಿಟ್ಟು ನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ "ಚೆನ್ನಾಗಿದೆ, ಬಹಳ ಚೆನ್ನಾಗಿದೆ" ಎಂದು ಬಾಯಲ್ಲೇ ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಸೀಟಿನವರು ತಮ್ಮ ಕೈಲಿದ್ದ ಕುಂಬಳಕಾಯಿಯನ್ನು ಸೆರಗಿನೊಳಗೆ ಸರಿಸಿಕೊಂಡರು.

ಮಧ್ಯಾಹ್ನದ ಬಿಡುವಿಗೆ ಸುಮಿತ್ರ ಕಚೇರಿಯೆದುರಿನ ಹೋಟೆಲಿಗೆ ಬಂದಳು. ಮುಖ ಗಂಟು ಹಾಕಿದ್ದಳು. ನಾನು ಮೇಲಿನ ಪದ್ಧತಿಯನ್ನೆಲ್ಲ ವಿವರಿಸಿದೆ.

"ಅದೆಲ್ಲ ಹುಣಸೆಹಣ್ಣಿಗೆ ಮಾವ. ನಾನು ಮನುಷ್ಯಳು. ಚೆನ್ನಾಗಿದೆ ಅಂತ ಒಂದ್ ಮಾತು ಹೇಳೋಕೆ ಏನ್ ಕಷ್ಟ ಆಗಿತ್ತು?"

ಈಗ ಹೇಳಬೇಕು. ಬಾಯಿ ತೆರೆದೆ. ಇಡೀ ಜೀವಮಾನ ಬೇರೆ ದಿಕ್ಕಿಗೆ ದುಡಿದ ನಾಲಿಗೆ, ತಿರುಗಲೊಲ್ಲದು. ಕೊನೆಗೆ, "ನಿನ್ ಪುಸ್ತಕದಿಂದ ನನಗೆ ಒಂದು ಮೂಟೆ ಹಣ್ಣು ಲುಕ್ಸಾನಾಯ್ತು ಕಣಮ್ಮ" ಎಂದೆ.

"ಏನಂದ್ರಿ?"

ಹೇಳಿದೆ. ಅವಳ ಕಾದಂಬರಿಯಲ್ಲಿ ಅತ್ತಿಗೆ, ನಾದಿನಿ ಇಬ್ಬರು ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅವರಿಬ್ಬರು ಮಾತು ಬಿಟ್ಟು ವರ್ಷಗಳಾಗಿವೆ. ಗಿರಣಿಯ ಗದ್ದಲದಲ್ಲಿ ಅದು ಊರಿಗೇ ಗೊತ್ತಾಗಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗುತ್ತದೆ. ಗಿರಣಿ ನಿಲ್ಲುತ್ತದೆ. ಇಬ್ಬರೇ ಇದ್ದಾರೆ. ಮೊದಲು ಮಾತಾಡಿದವರು ಸೋತ ಹಾಗೆ. ಆ ಲೆಕ್ಕ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಳೆ ತಿರುವುತ್ತೇನೆ, ಮಾತಿಲ್ಲ. ಇನ್ನೊಂದು ಹಾಳೆ, ಮಾತಿಲ್ಲ. ಕೊನೆಗೆ ನಾದಿನಿ, "ನಿನ್ ರೆಪ್ಪೆಯೆಲ್ಲ ಬೆಳ್ಳಗಾಗ್ಬುಟ್ಟದೆ" ಎನ್ನುತ್ತಾಳೆ. "ನಿಂದೇನ್ ಕಪ್ಪಗದಾ?" ಎನ್ನುತ್ತಾಳೆ ಅತ್ತಿಗೆ. ಇಬ್ಬರಿಗೂ ನಗು. ನಾನು ತಲೆ ಎತ್ತುವಷ್ಟರಲ್ಲಿ ಎದುರಿಗಿದ್ದ ಮೂಟೆಯೊಂದು ಮಾಯ. ಇಷ್ಟು ವರ್ಷದಲ್ಲಿ ನನ್ನ ಕಣ್ಣೆದುರಿನ ಮೂಟೆ ಹೋದದ್ದು ಅದೇ ಮೊದಲು.

ಸುಮಿತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಮಾವ, ಆ ಮೂಟೆ ನಮ್ಮನೇಲಿದೆ. ಅಮ್ಮ ತಂದು ನಡುಮನೇಲಿ ಇಟ್ಟವ್ರೆ. 'ಪುಟ್ಸಾಮಿ ಮುಂದ್ಲಿಂದ್ಲೇ ಎತ್ಕಬಂದೆ, ಪುಸ್ತಕ್ದೊಳಗೆ ಮೂತಿ ಮಡಿಕ್ಕಂಡು ಅಳ್ತಿದ್ದ' ಅಂದ್ರು. ನಾನು ಯಾರ್ದೋ ದೊಡ್ಡೋರ ಪುಸ್ತಕ ಇರ್ಬೇಕು ಅಂದ್ಕೊಂಡೆ."

"ಅಳ್ತಿರ್ಲಿಲ್ಲ. ಹುಣಸೆ ದೂಳು."

ಆಗ ಅವಳು ನಕ್ಕಳು. ಪಕ್ಕದ ಮೇಜಿನವರು ತಿರುಗಿ ನೋಡುವ ಹಾಗೆ, ಗಿರಣಿ ನಿಂತ ಮೇಲೆ ನಕ್ಕವರ ಹಾಗೆ ನಕ್ಕಳು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, "ಮತ್ತೆ ಕೊನೆ?" ಎಂದಳು.

"ಕೊನೆ ಕೆಟ್ಟದ್ದೇ. ಗಂಡ ಬೆದರುಬೊಂಬೆಯೇ. ಅದರಲ್ಲಿ ಒಂದು ಕಾಸೂ ಬಿಡಲ್ಲ ನಾನು."

ಅವಳು ಒಪ್ಪಲಿಲ್ಲ, ಜಗಳಕ್ಕೂ ಬರಲಿಲ್ಲ. ಆಗ ನಾನು ಜೇಬಿನಿಂದ ಮುನ್ನೂರು ರೂಪಾಯಿ ತೆಗೆದು, ಊಟದೆಲೆಯ ಪಕ್ಕ ಬಿದ್ದಿದ್ದ ವೀಳ್ಯದೆಲೆಯ ಮೇಲಿಟ್ಟು ಅವಳ ಕಡೆ ಸರಿಸಿದೆ.

"ಏನಿದು?"

"ಎರಡನೇ ಪುಸ್ತಕಕ್ಕೆ ಮುಂಗಡ. ಅರ್ಧ ಆಗಿದೆ ಅಂದ್ರೆ ಹೂ ಬಿಟ್ಟಿದೆ ಅಂತ ತಾನೆ? ನಾನು ಹೂವಿನಲ್ಲೇ ಕೊಳ್ಳೋನು."

"ಹೂ ಉದುರಿ ಹೋದ್ರೆ?"

"ನಷ್ಟ ನಂದು. ಹೂವಿಗೆ ಕೊಟ್ಟ ದುಡ್ಡು ವಾಪಸ್ ಕೇಳೋ ಪದ್ಧತಿ ನಮ್ಮಲ್ಲಿಲ್ಲ. ಮುಂಗಡ ಮುಟ್ಟಿದವರು ಮರ ಕಡಿಯೋ ಪದ್ಧತಿನೂ ಇಲ್ಲ."

ಹುಣಸೆ ಮರದ ನೆರಳಲ್ಲಿ ಬೆಳೆದ ಹುಡುಗಿ. ಆ ಕೊನೆಯ ಮಾತಿನ ಭಾರ ಅವಳಿಗೆ ಗೊತ್ತು. ನೋಟುಗಳನ್ನು ಬಹಳ ಹೊತ್ತು ನೋಡಿದಳು. ಸಾಂಬಾರು ಆರಿತು. ಕೊನೆಗೆ ನೋಟುಗಳನ್ನೂ ಎಲೆಯನ್ನೂ ಒಟ್ಟಿಗೆ ಎತ್ತಿ ಪರ್ಸಿಗೆ ಹಾಕಿಕೊಂಡು, "ಭಾನುವಾರ ಅಟ್ಟ ಹತ್ತಬೇಕು, ಅಮ್ಮನಿಗೆ ಏಣಿ ಹುಡುಕಿಡೋಕೆ ಹೇಳಿ" ಎಂದಳು. ಆ ಮೂಟೆಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಅದು ದೇವೀರಮ್ಮನ ಕಮಿಷನ್ ಎಂದುಕೊಂಡಿದ್ದೇನೆ.

ಇನ್ನು ನಿಮಗೆ ನಾಲ್ಕು ಮಾತು. ಕಾದಂಬರಿಯನ್ನು ನಡುವಿನಿಂದ ತೆರೆದು ನೋಡಿ ಕೊಳ್ಳಿ. ಕೆಲಸವಿಲ್ಲದ ನಾಯಕನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಬರೆದವರು ಎದುರಿಗೆ ಸಿಕ್ಕರೆ, ಯಾವ ಪುಟದಲ್ಲಿ ನಿಮ್ಮ ಹಾಲು ಉಕ್ಕಿಹೋಯಿತು, ಯಾವ ಪುಟದಲ್ಲಿ ಇಳಿಯುವ ಸ್ಟಾಪು ತಪ್ಪಿತು ಎಂಬುದನ್ನು ಮೊದಲು ಹೇಳಿ. ಹುಳುಕು ಆಮೇಲೆ ಹೇಳಿದರೂ ಕೆಡುವುದಿಲ್ಲ. ಬರೀ ಹೊಗಳಿ ಬರಿಗೈಯಲ್ಲಿ ಮಾತ್ರ ಬರಬೇಡಿ, ದೃಷ್ಟಿಯಾಗುತ್ತದೆ. ಮತ್ತು ಕಾವಲಿಗೆ ಕೂರುವ ದಿನ ಒಳ್ಳೆಯ ಪುಸ್ತಕ ಒಯ್ಯಬೇಡಿ. ಕಿಟಕಿ ಬಳಿ ನಿಂತವನದೇ ಸಾಕು, ಹಣ್ಣು ಉಳಿಯುತ್ತದೆ.