ಗೋಡೆ ತಟ್ಟಿ ಆಂಪ್ ಇಡುತ್ತಿದ್ದ ಓಬಳೇಶ

ಮನೆ ಕೊಳ್ಳುವವರು ಗೋಡೆ ತಟ್ಟಿ ನೋಡುವುದನ್ನು ಕಂಡಿದ್ದೇನೆ. ಗಿಟಾರ್ ನುಡಿಸಲು ಬಂದವನು ಗೋಡೆ ತಟ್ಟುವುದನ್ನು ಕಂಡದ್ದು ಓಬಳೇಶನಲ್ಲಿ ಮಾತ್ರ. ಮದುವೆ ಮಂಟಪಕ್ಕೆ ಬಂದೊಡನೆ ಆರ್ಕೆಸ್ಟ್ರಾದವರೆಲ್ಲ ಕಾಫಿ ಹುಡುಕಿಕೊಂಡು ಹೋದರೆ, ಅವನು ವೇದಿಕೆಯ ಹಿಂದಿನ ಗೋಡೆಗೆ ಬೆರಳ ಗೆಣ್ಣು ಬಡಿಯುತ್ತ ಓಡಾಡುತ್ತಿದ್ದ. ಗಟ್ಟಿ ಮೂಲೆ ಸಿಕ್ಕಿದ ಮೇಲೆ ತನ್ನ ಆಂಪನ್ನು, ಅಂದರೆ ಗಿಟಾರಿನ ಸದ್ದು ಹೊರಡಿಸುವ ಪುಟ್ಟ ಬ್ಯಾಟರಿ ಪೆಟ್ಟಿಗೆಯನ್ನು, ಮರದ ಮಣೆಯ ಮೇಲಿಟ್ಟು ಗೋಡೆಗೆ ಒರಗಿಸುತ್ತಿದ್ದ. ಹಾಗಿಟ್ಟರೆ ಅಂಗೈಯಗಲದ ಸ್ಪೀಕರಿಗೂ ತುಂಬಿದ ಎದೆಯ ದನಿ ಬರುತ್ತಿತ್ತು. ಕಬ್ಬಿಣದ ಕುರ್ಚಿ ಕೊಟ್ಟರೆ ಬೇಡ ಅನ್ನುತ್ತಿದ್ದ. "ಕುರ್ಚೀನೂ ಜೊತೇಲಿ ಹಾಡ್ತದೆ ಕಣಣ್ಣ. ಅದನ್ನ ಯಾರು ಕರೆದವ್ರೆ?"

ಹಿಂದೂಪುರದಲ್ಲಿ ಹಳೆಯ ಮೈಕು, ಸ್ಪೀಕರು, ಆಂಪು ಕೊಂಡು ಮಾರುವುದು ನನ್ನ ಕಸುಬು. ಬಸ್ ಸ್ಟ್ಯಾಂಡಿನ ಎದುರು ಗೋಣಿ ಹಾಸಿ ಶುರು ಮಾಡಿದವನು ನಾನು. ಗಿರಾಕಿಯ ಕಣ್ಣು ನೋಡಿ ಬೆಲೆ ಹೇಳುವುದನ್ನು ಆ ಗೋಣಿಯ ಮೇಲೇ ಕಲಿತೆ. ಕಲ್ಯಾಣದುರ್ಗದಿಂದ ಬಂದ ಓಬಳೇಶ ಮೊದಲ ದಿನವೇ ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದ. ಬೇರೆಯವರು ಆಂಪ್ ನೋಡಲು ಬಂದರೆ ವಾಲ್ಯೂಮ್ ಪೂರ್ತಿ ತಿರುಗಿಸಿ ಅಂಗಡಿ ಅದುರಿಸುತ್ತಾರೆ. ಇವನು ತಗ್ಗಿಸಿದ. ಒಂದೇ ತಂತಿಯನ್ನು ಮೆಲ್ಲಗೆ ಮೀಟಿದ, ಆಮೇಲೆ ಒತ್ತಿ ಮೀಟಿದ, ಮತ್ತೆ ಮೆಲ್ಲಗೆ. ಮೆಲ್ಲಗೆ ಮೀಟಿದಾಗ ಸ್ವರ ಬಾವಿಯ ನೀರಿನಂತೆ ತಿಳಿ. ಒತ್ತಿದಾಗ ಅದರ ಅಂಚು ಕೊಂಚ ಒಡೆಯುತ್ತಿತ್ತು, ಅತ್ತು ಮುಗಿಸಿದವರ ಗಂಟಲಿನ ಹಾಗೆ.

"ಇದೇ ಅಣ್ಣ! ಇದು ಬಿಟ್ರೆ ಬೇರೆ ಬ್ಯಾಡ ನಂಗೆ."

"ಲೇ, ಹಿಡಿಸ್ತು ಅಂತ ಅಂಗಡಿಯೋನ ಮುಂದೇನೆ ಬಾಯಿ ಬಿಡ್ತಾರೇನ್ಲಾ? ಮುಖ ಸಿಂಡರಿಸ್ಬೇಕು, ಎದ್ದು ಹೊರಡ್ಬೇಕು, ನಾನು ಬಾಗ್ಲವರೆಗೂ ಬಂದು ಕರೀಬೇಕು."

ಅವನು ಆಂಪಿನ ಕಡೆ ಕೈ ತೋರಿಸಿ ದನಿ ತಗ್ಗಿಸಿದ. "ಚೆನ್ನಾಗಿಲ್ಲ ಅಂದ್ರೆ ಅದುಕ್ಕೆ ಕೇಳ್ಸಲ್ವೇನಣ್ಣ?"

ಇಂಥವನ ಹತ್ತಿರ ಚೌಕಾಸಿ ಮಾಡುವುದಾದರೂ ಹೇಗೆ? ಬೆಲೆಯನ್ನು ನಾನೇ ಇಳಿಸಿದೆ. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಚಿಕ್ಕ ಆಂಪ್ ಕೊಳ್ಳುವವರಿಗೆ ಈಗಲೂ ನಾನು ಹೇಳುವುದಿಷ್ಟೆ: ಅಂಗಡಿಯವನು ಜೋರಾಗಿ ಕೇಳಿಸಿದರೆ ನಂಬಬೇಡಿ, ತಗ್ಗಿಸಿ ಕೇಳಿ. ತಗ್ಗಿದ ಸದ್ದಿನಲ್ಲಿ ಗೊರ್ ಅನ್ನುವ ಪೆಟ್ಟಿಗೆ ಎಷ್ಟು ಅಗ್ಗವಾದರೂ ದುಬಾರಿಯೇ. ಸ್ವರ ಒಡೆಸುವ ಗೇನ್ ಗುಂಡಿಯನ್ನು ಹುಡುಗರು ಕೊನೆಯವರೆಗೂ ತಿರುಗಿಸುತ್ತಾರಲ್ಲ, ಅದಕ್ಕೆ ಓಬಳೇಶ ಹೇಳುತ್ತಿದ್ದದ್ದು: "ಗೇನ್ ಅಂದ್ರೆ ಖಾರ ಕಣಣ್ಣ. ಮೆಣಸಿನಕಾಯೇ ಬಡಿಸ್ಬುಟ್ರೆ ಉಣ್ಣೋದೇನು?"

ಕಲ್ಯಾಣದುರ್ಗದ ಅವನ ಮನೆಗೆ ಒಮ್ಮೆ ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಹೆಂಡತಿ ಲಕ್ಷ್ಮೀದೇವಿಯ ಮಗ್ಗ, ಹಿಂದಿನ ಕೋಣೆಯಲ್ಲಿ ಇವನ ಗಿಟಾರು. ಆಕೆ ನನ್ನೆದುರೇ ಕುಟುಕಿದಳು. "ನನ್ ಮಗ್ಗ ನಿಂತ್ರೆ ಒಲೆ ನಿಲ್ತದೆ ಕಣಣ್ಣ. ಇವರ್ದು ನಿಂತ್ರೆ ಏನು ನಿಲ್ತದೆ, ಕೇಳಿ."

"ನಾನೇ ನಿಂತೋಯ್ತೀನಿ ಕಣೆ" ಎಂದು ಅವನು ನಕ್ಕ.

ಅವನಿದ್ದ ಆರ್ಕೆಸ್ಟ್ರಾ ರಾಮಾಂಜಿಯದು. ಬರುಬರುತ್ತ ರಾಮಾಂಜಿ ಹಾಡುಗಳ ಸಂಗೀತವನ್ನೆಲ್ಲ ಫೋನಿನಲ್ಲಿ ತುಂಬಿಸಿಕೊಂಡ. ಹಾಡುವವರು ಹಾಡಿದರೆ ಸಾಕು, ಮಿಕ್ಕದ್ದನ್ನು ಫೋನು ನೋಡಿಕೊಳ್ಳುತ್ತದೆ. ಆದರೂ ವಾದ್ಯದವರು ಬೇಕು, ಏಕೆಂದರೆ ಮದುವೆಯವರು ಕೇಳುವುದು ವಿಡಿಯೋದಲ್ಲಿ ಎಷ್ಟು ಜನ ಕಾಣುತ್ತಾರೆ ಅಂತ. ರಾಮಾಂಜಿ ನೇರವಾಗಿಯೇ ಹೇಳಿದ: "ನಿಂತ್ಕೊ, ಕೈ ಆಡ್ಸು. ಆ ಡಬ್ಬ ಮಾತ್ರ ಆನ್ ಮಾಡ್ಬ್ಯಾಡ." ಒಂದು ಹಾಡನ್ನಾದರೂ ನುಡಿಸುತ್ತೇನೆ ಎಂದು ಓಬಳೇಶ ಹಟ ಹಿಡಿದಾಗ, "ಜನ ಕೇಳಿದ್ರೆ ನುಡ್ಸು" ಎಂದು ಬಾಯಿ ಮುಚ್ಚಿಸಿದ.

ಓಬಳೇಶ ನನ್ನ ಅಂಗಡಿಗೆ ಬಂದು ಕೂತ. "ಏನ್ಮಾಡ್ಲಣ್ಣ?"

"ಒಪ್ಕೊ. ಸ್ಟೇಜಿನ ಮೇಲಿನ ಜಾಗ ಒಂದ್ಸಲ ಬಿಟ್ರೆ ಇನ್ನೊಬ್ಬ ಬಂದು ನಿಂತ್ಕೋತಾನೆ. ನಿಂತಿರು, ಒಂದಿನ ಕೇಳೇ ಕೇಳ್ತಾರೆ." ವ್ಯಾಪಾರದ ಮಾತು, ಇವತ್ತು ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಒಪ್ಪಿಕೊಂಡ. ಪ್ರತಿ ಮದುವೆಯಲ್ಲೂ ಗೋಡೆ ತಟ್ಟಿ, ಆಂಪ್ ಒರಗಿಸಿ, ವೈರ್ ಚುಚ್ಚಿ, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ.

ಕಂಬದೂರಿನ ಒಂದು ರಿಸೆಪ್ಷನ್ನಿಗೆ ಸ್ಪೀಕರುಗಳು ನನ್ನವೇ ಹೋಗಿದ್ದವು, ಜೊತೆಗೆ ನಾನೂ. ಹಾಡಿನ ನಡುವೆ ಕರೆಂಟು ಹೋಯಿತು. ಮೈಕು, ಸ್ಪೀಕರು ಎಲ್ಲ ಸತ್ತವು. ಜನರೇಟರಿನವನು ಊಟಕ್ಕೆ ಕೂತಿದ್ದ. ಸೆಲ್ ಫೋನುಗಳ ಬೆಳಕಿನಲ್ಲಿ ಓಬಳೇಶ ಬಗ್ಗಿ ಆಂಪಿನ ಗುಂಡಿ ತಿರುಗಿಸಿದ್ದು ಕಾಣಿಸಿತು. ನಿಂತ ಹಾಡನ್ನು ನಿಂತ ಜಾಗದಿಂದಲೇ ಎತ್ತಿಕೊಂಡ. ಆ ಮೂಲೆ, ಆ ಮಣೆ, ಒಡೆಯುವ ಅಂಚಿನ ಆ ಸ್ವರ. ಸದ್ದು ಮಾರಿ ಬದುಕುವವನು ನಾನು. ಅವತ್ತು ಆ ಮಂಟಪದಲ್ಲಿ ಕೇಳಿದ್ದಕ್ಕೆ ಬೆಲೆ ಕಟ್ಟು ಅಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ಮುಂದಿನ ಸಾಲಿನಿಂದ ಹುಡುಗಿಯ ಸೋದರಮಾವ ಕೂಗಿದ. "ಏಯ್, ಆಪವಯ್ಯಾ! ಕರೆಂಟು ರಾನೀ, ಪಾಟಲು ವಿಂದಾಂ." ನಿಲ್ಲಿಸಯ್ಯ, ಕರೆಂಟು ಬರಲಿ, ಹಾಡು ಕೇಳೋಣ ಅಂತ. ಹೌದೌದು ಎಂದು ನಾಲ್ಕಾರು ಜನ ದನಿಗೂಡಿಸಿದರು. ಕೆಟ್ಟವರೇನಲ್ಲ. ಅವನು ನುಡಿಸುತ್ತಿದ್ದದ್ದು ಹಾಡು ಅಂತಲೇ ಅವರಿಗೆ ಅನ್ನಿಸಿರಲಿಲ್ಲ.

ಓಬಳೇಶ ಆಂಪ್ ಆಫ್ ಮಾಡಿದ. ಕೆಳಗಿಳಿದು ಬಂದು ನನ್ನ ಪಕ್ಕ ನಿಂತ. "ಜನ ಕೇಳಿದ್ರೆ ನುಡ್ಸು ಅಂದಿದ್ದ. ಕೇಳ್ಬುಟ್ರಲ್ಲಣ್ಣ, ನಿಲ್ಸು ಅಂತ."

ಆಮೇಲೆ ಅವನನ್ನು ನೋಡಿದ್ದು ಒಂದೇ ಸಲ, ಹಿಂದೂಪುರದಲ್ಲಿ ನನ್ನ ಷಡ್ಕನ ಮಗಳ ಮದುವೆಯಲ್ಲಿ. ಗಿಟಾರಿಗೆ ವೈರಿಲ್ಲ, ಗೋಡೆಯ ಬಳಿ ಆಂಪಿಲ್ಲ. ಫೋನಿನ ಸಂಗೀತಕ್ಕೆ ಕೈ ಆಡಿಸುತ್ತಿದ್ದ. ಅಕ್ಷತೆ ಹಾಕಲು ವೇದಿಕೆ ಹತ್ತಿದಾಗ ಅವನ ಪಕ್ಕದಲ್ಲೇ ಹಾದುಹೋದೆ. ತಂತಿಗಳು ಒಂದಕ್ಕೊಂದು ಸೇರದೆ ಅಪಸ್ವರ ಹೊರಡಿಸುತ್ತಿದ್ದವು.

"ಲೇ, ಶ್ರುತಿ ಮಾಡಿಲ್ವೇನೋ?"

"ಫೋಟೋದಾಗೆ ಕಾಣ್ತದೇನಣ್ಣ ಶ್ರುತಿ?" ಅಂದ. ಕ್ಯಾಮೆರಾ ಅವನತ್ತ ತಿರುಗಿತು. ಕೈ ಆಡುತ್ತಲೇ ಇತ್ತು, ಮುಖದಲ್ಲಿ ಏನೂ ಇರಲಿಲ್ಲ.

ಮೊನ್ನೆ ಗೋರಂಟ್ಲದ ಮದುವೆಯೊಂದರಲ್ಲಿ ರಾಮಾಂಜಿಯ ಆರ್ಕೆಸ್ಟ್ರಾ ಸಿಕ್ಕಿತು. ಗಿಟಾರ್ ತೂಗುಹಾಕಿಕೊಂಡು ನಿಂತಿದ್ದವನು ಬಟ್ಟೆ ಅಂಗಡಿಯೊಂದರ ಸೇಲ್ಸ್‌ಮನ್, ನನಗೆ ಗುರುತಿದ್ದವನೇ. ಗಿಟಾರ್ ಹಿಡಿಯುವುದೂ ಬಾರದು, ತಂತಿ ಒತ್ತಬೇಕಾದ ಕೈಯಲ್ಲಿ ತಾಳ ಹಾಕುತ್ತಿದ್ದ. ಯಾರೂ ಗಮನಿಸಲಿಲ್ಲ.

"ಓಬಳೇಶ ಎಲ್ಲಪ್ಪ?" ಅಂದೆ.

"ತೆಗೆದ್ಬುಟ್ಟೆ ಕಣಣ್ಣ" ಎಂದ ರಾಮಾಂಜಿ, ಕಣ್ಣು ಫೋನಿನಲ್ಲೇ ಇಟ್ಟು. "ಮುಖ ಗಂಟು ಹಾಕ್ಕೊಂಡು ನಿಂತಿರ್ತಾನೆ ಅಂತ ವಿಡಿಯೋದೋರು ಗಲಾಟೆ ಮಾಡುದ್ರು. ಇವನು ನೋಡು, ಎಷ್ಟು ಚೆನ್ನಾಗಿ ನಗ್ತಾನೆ."