ಅಣ್ಣ ಮುಗಿಸದ ಸೀಡಿ

ಅಣ್ಣನ ಬಲಗೈಯ ಮೂರು ಬೆರಳುಗಳ ತುದಿ ಮಧ್ಯಾಹ್ನದವರೆಗೂ ಬೆಳ್ಳಗಿರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡು ಸ್ಟುಡಿಯೋಗೆ ಬರುತ್ತಿದ್ದ. ಬಂದವನು ಬಾಗಿಲಿಗೆ, ಕ್ಯಾಮೆರಾದ ಪೆಟ್ಟಿಗೆಗೆ, ಕಂಪ್ಯೂಟರಿನ ನೆತ್ತಿಗೆ ಮತ್ತೆ ವಿಭೂತಿ ಎಳೆಯುತ್ತಿದ್ದ. ಆಮೇಲೆ ಕೈ ತೊಳೆಯುತ್ತಿರಲಿಲ್ಲ. ಫೋಟೋ ತೆಗೆಸಿಕೊಳ್ಳಲು ಬಂದವರ ಗಲ್ಲ ಹಿಡಿದು ಮುಖ ತಿರುಗಿಸುವಾಗ ಅವರಿಗೂ ಒಂದಿಷ್ಟು ಹತ್ತುತ್ತಿತ್ತು. ತಾಳವಾಡಿ ಸುತ್ತಮುತ್ತಲಿನ ಎಷ್ಟೋ ಜನರ ಪಾಸ್‌ಪೋರ್ಟ್ ಫೋಟೋದಲ್ಲಿ ಗಲ್ಲದ ಮೇಲೊಂದು ಬಿಳಿ ಕಲೆ ಇದ್ದರೆ ಅದು ನಮ್ಮಣ್ಣನ ಬೆರಳು.

ಆ ದಿನವೂ ಹಾಗೇ ಇದ್ದ. ನಾನು ಪಣಕಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದೆ. ಅಲ್ಲಿಗೆ ನನ್ನನ್ನು ಮದುವೆ ಮಾಡಿಕೊಟ್ಟು ವರ್ಷ ತುಂಬಿರಲಿಲ್ಲ. ಮದುವೆಯಾದ ಮೂರು ತಿಂಗಳಿಗೆ ಅವ್ವ ತೀರಿಕೊಂಡಿದ್ದಳು. ಅವ್ವನ ಫೋಟೋಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಆದರೆ ಅವ್ವ ಓಡಾಡುವುದು, ಬಗ್ಗಿ ಬಡಿಸುವುದು, ಸೆರಗನ್ನು ಬಾಯಿಗೆ ಹಿಡಿದು ನಗುವುದು ನನ್ನ ಮದುವೆಯ ವಿಡಿಯೋದಲ್ಲಿ ಮಾತ್ರ ಇತ್ತು. ಅದನ್ನು ತೆಗೆದವನು ಅಣ್ಣನೇ.

ಕ್ಯಾಸೆಟ್ಟಿನಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಅದೇ ಕ್ಯಾಸೆಟ್ಟಿನಲ್ಲಿ ಮುಂದಿನ ಮದುವೆ ತೆಗೆಯುವುದು ಆ ಕಸುಬಿನ ರೂಢಿ. ಆಗ ಅವ್ವ ಗಟ್ಟಿಮುಟ್ಟಾಗಿದ್ದಳು, ಯಾರೂ ಯೋಚನೆ ಮಾಡಲಿಲ್ಲ. ನನ್ನ ಮದುವೆಯ ಮೇಲೆ ಜೀರಹಳ್ಳಿಯ ಯಾರದೋ ಮದುವೆ ಬಂದು ಕೂತಿತು. ಓಡಾಡುವ ಅವ್ವ ಉಳಿದದ್ದು ಆ ಕಂಪ್ಯೂಟರಿನೊಳಗೆ ಮಾತ್ರ.

ಕಂಪ್ಯೂಟರನ್ನು ಅಣ್ಣ ಸತ್ಯಮಂಗಲದಿಂದ ತಂದಿದ್ದ. ಪರದೆಯ ಬೆನ್ನಿನಲ್ಲೇ ಎಲ್ಲವೂ ಇರುವಂಥದ್ದು; ಆಲ್ ಇನ್ ಒನ್ ಎನ್ನುತ್ತಾರೆ. ಅಂಗಡಿಯವನು ಸಿಪಿಯು ಪೆಟ್ಟಿಗೆ ಬೇರೆಯಾಗಿರುವುದನ್ನೇ ತೆಗೆದುಕೊಳ್ಳಿ ಎಂದನಂತೆ. ಅದಾದರೆ ವಿಡಿಯೋ ಕೆಲಸಕ್ಕೆ ವೇಗ ಕೊಡುವ ಗ್ರಾಫಿಕ್ಸ್ ಕಾರ್ಡನ್ನು ಬೇಕೆಂದಾಗ ಬದಲಾಯಿಸಬಹುದು, ಇದರಲ್ಲಿ ಕಾರ್ಡು ಬೋರ್ಡಿಗೇ ಬೆಸೆದಿರುತ್ತದೆ ಎಂದು ತಿಳಿಸಿ ಹೇಳಿದನಂತೆ. ಆದರೆ ಇಬ್ಬರು ಕೂತರೆ ಮೊಣಕಾಲು ತಗಲುವ ಸ್ಟುಡಿಯೋದಲ್ಲಿ ಪೆಟ್ಟಿಗೆ ಇಡಲು ಜಾಗವಿರಲಿಲ್ಲ. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಊರು. ಪೆಟ್ಟಿಗೆಯ ಕಂಪ್ಯೂಟರಿಗೆ ಬೇಕಾದಷ್ಟು ವ್ಯಾಟನ್ನು ಅವನ ಹಳೆಯ ಇನ್ವರ್ಟರು ಕೊಡುತ್ತಲೂ ಇರಲಿಲ್ಲ. ಕಾರ್ಡಿಲ್ಲದ ಆಲ್ ಇನ್ ಒನ್ ಅವನಿಗೆ ಬೇಡ. ಕಾರ್ಡಿರುವುದನ್ನೇ ತಂದ.

ಅವನಿಗೆ ಮದುವೆಗಿಂತ ಸತ್ತವರ ಫೋಟೋದ ಕೆಲಸ ಹೆಚ್ಚು. ವೋಟರ್ ಕಾರ್ಡಿನ ಮಸುಕು ಚಿತ್ರ ಹಿಡಿದು ಬರುತ್ತಿದ್ದರು, ಕಾರ್ಯಕ್ಕೆ ಮೊದಲು ಬಣ್ಣ ತುಂಬಿ ದೊಡ್ಡದು ಮಾಡಿಕೊಡಬೇಕು. ತಾಳಮಲೆಯ ಒಬ್ಬ ಮುದುಕ ಹಾಗೆ ಹೆಂಡತಿಯ ಚಿತ್ರ ತಂದಿದ್ದ. ಅಣ್ಣ, “ಅಜ್ಜೀಗೆ ಯಾವ ಬಣ್ಣದ ಸೀರೆ ಇಷ್ಟ ತಾತ?” ಎಂದು ಕೇಳಿದ.

“ಯಾವ್ದೋ ಒಂದಾಕು ಮಗ. ನಾನ್ಯಾವತ್ತು ಕೇಳಿದ್ದೆ?”

“ಯಾವ್ದೋ ಒಂದಾಕಿದ್ರೆ ಯಾವಳೋ ಒಬ್ಳಾಯ್ತಾಳೆ. ಟೀ ಕುಡ್ಕಂಡು ಗ್ಯಪ್ತಿ ಮಾಡ್ಕೊ.”

ಮುದುಕ ಟೀ ಮುಗಿಸಿ, ಗಿಳಿಹಸಿರು ಎಂದ. ಎಂದವನು ಅಲ್ಲೇ ಅತ್ತ.

ಅಂಥವನಿಗೆ ತನ್ನ ಅವ್ವ ಇರುವ ಆ ಮದುವೆಯ ಸೀಡಿಯನ್ನು ಮಾಡಲಾಗುತ್ತಿರಲಿಲ್ಲ. ಮಳೆ ಶುರುವಾಗುವಾಗ ಸಿಡಿಲಿಗೆ ಕಂಪ್ಯೂಟರಿನ ಅಡಾಪ್ಟರು ಸುಟ್ಟುಹೋಗಿತ್ತು. ಚಾಮರಾಜನಗರದಲ್ಲಿ ಪಿನ್ನು ಹೊಂದುವ ಬೇರೊಂದು ಸಿಕ್ಕಿತು, ಆದರೆ ಅದರ ವ್ಯಾಟು ಕಡಿಮೆ. ಫೋಟೋ ಕೆಲಸ ಹೇಗೋ ನಡೆಯುತ್ತಿತ್ತು. ಇಡೀ ವಿಡಿಯೋವನ್ನು ಸಿದ್ಧಮಾಡಲು ಬಿಟ್ಟರೆ ಧಾರೆ ಮುಗಿದು ಊಟದ ಪಂಕ್ತಿ ಬರುವಷ್ಟರಲ್ಲಿ ಪರದೆ ಕಪ್ಪಾಗಿ ಕಂಪ್ಯೂಟರು ಸತ್ತುಹೋಗುತ್ತಿತ್ತು. ಅವ್ವ ಇರುವುದು ಆ ಪಂಕ್ತಿಯಲ್ಲಿ. ಅಲ್ಲೊಂದಿಷ್ಟು ತೋರಿಸು ಎಂದರೆ ಅಣ್ಣ ಒಪ್ಪುತ್ತಿರಲಿಲ್ಲ. “ಅರ್ಧಂಬರ್ಧ ನೋಡ್ಬ್ಯಾಡ, ಪೂರ್ತಿ ಮಾಡ್ಕೊಡ್ತೀನಿ” ಎನ್ನುತ್ತಿದ್ದ.

ಆ ದಿನ ನನ್ನೆದುರಿಗೇ ಮತ್ತೆ ಹಾಗಾಯಿತು. ಪಕ್ಕದ ಅಂಗಡಿಯ ಟೈಲರು ಇಣುಕಿ ನೋಡಿದ.

“ಏನಣ್ಣೋ, ತಂಗಿ ಮಗನ ಮದ್ವೆ ಸೀಡಿನೂ ಇದೂ ಒಂದೇ ಸಲ ಕೊಟ್ಬುಟ್ಟೀಯ?”

“ನೀ ಮೊದ್ಲು ನನ್ ಪ್ಯಾಂಟಿಗೆ ಗುಂಡಿ ಆಕ್ಕೊಡ್ಲಾ. ದೀಪಾವಳಿಯಿಂದ ಪಿನ್ ಚುಚ್ಕಂಡು ತಿರುಗ್ತಾ ಇವ್ನಿ.”

ನಾನು ನಗುತ್ತಲೇ ಕೇಳಿದೆ: “ಏನಾಗದೆ ಅಣ್ಣ ಇದ್ಕೆ?”

“ಈ ಕಾರ್ಡು ಅಡುಗೆ ಭಟ್ಟ ಇದ್ದಂಗೆ ಕಣಮ್ಮಿ. ಭಟ್ಟ ಜೋರಾಗವ್ನೆ, ಕರೆಂಟು ಅನ್ನೋ ಸೌದೆ ಸಾಲ್ದು. ದೊಡ್ ಅಡಾಪ್ಟರು ಕೋಯಮತ್ತೂರಿಂದ ಸತ್ಯಮಂಗಲಕ್ಕೆ ಬಂದದಂತೆ. ನಾಳೀಕೆ ಓಗ್ಬುಟ್ಟು ಬತ್ತೀನಿ.”

“ಕಾರ್ಡ್ ನಿಲ್ಸ್‌ಬುಟ್ಟು ಮಾಡಕ್ಕಾಗಲ್ವಾ?”

“ಆಯ್ತದೆ. ಆದ್ರೆ ಚಿತ್ರ ತಡ್ದು ತಡ್ದು ಓಡ್ತದೆ, ಅವ್ವ ಕುಂಟ್ದಂಗೆ ಕಾಣ್ತಾಳೆ. ಅವ್ವುನ್ನ ಅಂಗೆ ತೋರ್ಸಕಿಲ್ಲ ನಾನು.”

ಬಸ್ ಸ್ಟ್ಯಾಂಡಿನವರೆಗೆ ಬಂದು ಬಾಳೆಹಣ್ಣು ಕೊಡಿಸಿದ. ಬಸ್ಸು ಹೊರಟಾಗ ಕೈ ಎತ್ತಿದನೋ ಇಲ್ಲವೋ ನಾನು ನೋಡಲಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕಿರಲಿಲ್ಲ.

ಮರುದಿನ ಅಣ್ಣ ಸತ್ಯಮಂಗಲದಿಂದ ಬೈಕಿನಲ್ಲಿ ಮರಳುವಾಗ ದಿಂಬಂ ಘಾಟಿಯ ತಿರುವಿನಲ್ಲಿ ಮಂಜು ಇತ್ತಂತೆ. ಎದುರಿಗೆ ಲಾರಿ ಬಂತು. ಮೈಮೇಲೆ ಹೆಚ್ಚು ಗಾಯವಿರಲಿಲ್ಲ, ತಲೆಗೆ ಮಾತ್ರ. ಬೆನ್ನಿಗೆ ಹಾಕಿಕೊಂಡಿದ್ದ ಚೀಲದಲ್ಲಿ ಅಡಾಪ್ಟರಿನ ಡಬ್ಬ ಹರಿಯದೆ ಹಾಗೇ ಇತ್ತು. ಪೊಲೀಸರು ಅದನ್ನು ಅತ್ತಿಗೆಯ ಕೈಗೆ ಕೊಟ್ಟರು. ಅಣ್ಣನನ್ನು ಹೊಲದಲ್ಲಿ ಅವ್ವನ ಪಕ್ಕದಲ್ಲೇ ಸಮಾಧಿ ಮಾಡಿದೆವು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ಅತ್ತಿಗೆ ಸ್ಟುಡಿಯೋದ ಬೀಗ ತೆಗೆದರು. ಚಾಮರಾಜನಗರದಿಂದ ರಿಪೇರಿಯವನೊಬ್ಬನನ್ನು ಕರೆಸಿದ್ದರು. ಅವನು ಅಣ್ಣ ತಂದ ದೊಡ್ಡ ಅಡಾಪ್ಟರನ್ನು ಸಿಕ್ಕಿಸಿದ. ಕಂಪ್ಯೂಟರು ಹತ್ತಿಕೊಂಡಿತು. ವಿಡಿಯೋ ಧಾರೆ ದಾಟಿತು. ಅಲ್ಲಿಗೆ ಮತ್ತೆ ಪರದೆ ಕಪ್ಪಾಯಿತು.

ಅವನು ಹಿಂಬದಿಯ ಮುಚ್ಚಳ ಬಿಚ್ಚಿದ. ಒಳಗಿನ ಫ್ಯಾನಿಗೆ ಬೂದಿ ಮೆತ್ತಿಕೊಂಡು ಗಟ್ಟಿಯಾಗಿತ್ತು. ಕಂಪ್ಯೂಟರಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಗೆ ಹೋಗುವ ಸೀಳುಗಳಿದ್ದವು. ಅಣ್ಣ ದಿನಾ ವಿಭೂತಿ ಎಳೆಯುತ್ತಿದ್ದುದು ಆ ಸೀಳುಗಳ ಮೇಲೆ.

“ಗಾಳಿನೇ ಆಡ್ತಿಲ್ಲ ಅಕ್ಕ. ಬಿಸಿಯಾಗಿ ಆಫ್ ಆಗ್ತಾ ಇತ್ತು” ಎಂದ.

ನಾನು ಕೇಳಬಾರದಿತ್ತೇನೋ, ಕೇಳಿದೆ. “ಅಂಗಾದ್ರೆ ಅಡಾಪ್ಟರು ಬ್ಯಾಡ್ವಾಗಿತ್ತಾ?”

ಅವನು ಅತ್ತಿಗೆಯ ಮುಖ ನೋಡಿದ. “ಹಳೇ ಅಡಾಪ್ಟರು ಸಣ್ಣದೇ ಕಣಕ್ಕ, ಅದೂ ಸೇರಿಕೊಂಡಿರ್ಬೋದು. ಈಗೇನಂತ ಹೇಳ್ಲಿ?” ಎಂದು ಬೂದಿಯನ್ನು ಊದಲು ಬಾಯಿ ಹತ್ತಿರ ತಂದ.

“ಊದ್ಬ್ಯಾಡಿ” ಎಂದರು ಅತ್ತಿಗೆ. “ಅವ್ರು ಇಕ್ಕಿದ್ದು ಅದು.”

ಬ್ರಷ್ಷಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ ಅವರ ಅಂಗೈಗೆ ಹಾಕಿದ. ಅತ್ತಿಗೆ ಮುಷ್ಟಿ ಮುಚ್ಚಿಕೊಂಡು ಹೊರಗೆ ಹೋಗಿ ಟೈಲರ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಟೈಲರು ಮಿಷನ್ನು ತುಳಿಯುವುದನ್ನು ನಿಲ್ಲಿಸಿದ.

ಕಾರ್ಡು ಬಿಸಿಗೆ ಕೆಟ್ಟುಹೋಗಿತ್ತು, ಬದಲಾಯಿಸುವ ಹಾಗಿರಲಿಲ್ಲ. ರಿಪೇರಿಯವನು ಅದನ್ನು ನಿಲ್ಲಿಸಿ ಕೆಲಸ ಸಾಗಿಸಿದ. ಬೆಳಿಗ್ಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಹೊತ್ತು ಹಿಡಿಯಿತೇ ಹೊರತು ಅಣ್ಣ ಹೆದರಿದ ಹಾಗೆ ಅವ್ವ ಕುಂಟಲಿಲ್ಲ. ಹೇಗೆ ನಡೆಯುತ್ತಿದ್ದಳೋ ಹಾಗೇ ನಡೆದಳು.

ಸೀಡಿಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪಂಕ್ತಿಯಲ್ಲಿ ಅವ್ವ ಅನ್ನದ ಬುಟ್ಟಿ ಹಿಡಿದು ಬರುತ್ತಾಳೆ. ಕ್ಯಾಮೆರಾ ನೋಡಿ ನಿಂತು ಏನೋ ಹೇಳುತ್ತಾಳೆ. ಚಿತ್ರ ಸ್ವಲ್ಪ ಅಲುಗಾಡುತ್ತದೆ; ಅಣ್ಣ ನಕ್ಕಿರಬೇಕು. ಅವನೂ ಏನೋ ಅಂದಿರಬೇಕು, ಅವ್ವ ಸೆರಗನ್ನು ಬಾಯಿಗೆ ಹಿಡಿದು ಇನ್ನೊಂದು ಮಾತು ಹೇಳುತ್ತಾಳೆ. ಕೇಳುವುದು ಓಲಗ ಮಾತ್ರ. ಮದುವೆ ಮನೆಯ ಗದ್ದಲ ಯಾರಿಗೆ ಬೇಕು, ಕಂಪ್ಯೂಟರಿಗೂ ಭಾರ ಎಂದು ಅಣ್ಣ ಕ್ಯಾಸೆಟ್ಟಿನಿಂದ ಚಿತ್ರವನ್ನಷ್ಟೇ ಇಳಿಸಿಕೊಂಡು, ಮೇಲೆ ಓಲಗ ಕೂರಿಸುತ್ತಿದ್ದ. ಎಲ್ಲರ ಮದುವೆಗೂ ಹಾಗೇ ಮಾಡುತ್ತಿದ್ದ.

ಅವ್ವ “ಉಂಡ್ಯೇನ್ಲಾ” ಎಂದು ಕೇಳುತ್ತಿದ್ದಾಳೆ ಎನ್ನುತ್ತಾರೆ ಅತ್ತಿಗೆ. ನನಗೆ ಹಾಗನ್ನಿಸುವುದಿಲ್ಲ, ತುಟಿ ಅದಕ್ಕಿಂತ ಹೆಚ್ಚು ಹೊತ್ತು ಆಡುತ್ತದೆ. ಅವಳು ಏನಂದಳೋ, ಇವನು ಏನಂದನೋ, ಹೇಳಲು ಇಬ್ಬರೂ ಇಲ್ಲ. ಸೀಡಿಯಲ್ಲಿ ಅವ್ವ ಇದ್ದಾಳೆ. ಅವರಿಬ್ಬರ ಮಾತು ಇಲ್ಲ.